ಕೌದಿ ಹೊದ್ದ ಕಂಪ್ಯೂಟರ್

ಆರಂಭದಲ್ಲಿಯೇ ಓದುಗರ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ನಾನು ಇತಿಹಾಸ ಓದಿದವನು. ಇಲ್ಲಿ ಹೇಳಹೊರಟಿರುವುದು ಒಂದು ಕಂಪ್ಯೂಟರಿನ ವಿಷಯ. ಅದರ ಒಳಗಿನ ಭಾಗಗಳ ಹೆಸರು ಹೇಳುವಾಗ ತಪ್ಪಾದೀತು, ನಡೆದದ್ದನ್ನು ಹೇಳುವಾಗ ಹಿಂದುಮುಂದಾದೀತು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲಿಗ. ನಾನು ತಪ್ಪಿದರೆ ತಿದ್ದುವ ಹಿರಿಯರು ಮನೆಯೊಳಗಿಲ್ಲ, ನಗುವವರು ಮಾತ್ರ ಹೊರಗೆ ಬೇಕಾದಷ್ಟಿದ್ದಾರೆ ಎಂಬ ಅಳುಕು ನನ್ನನ್ನು ಇಂದಿಗೂ ಬಿಟ್ಟಿಲ್ಲ. ರಜೆಯ ಅರ್ಜಿ ಬರೆದರೂ ಮೂರು ಸಲ ಓದಿ ಕೊಡುತ್ತೇನೆ. ಈ ಬರಹವನ್ನು ಐದು ಸಲ ಓದಿದ್ದೇನೆ. ಇಷ್ಟಾದ ಮೇಲೂ ಉಳಿದ ಕೊರತೆಯನ್ನು ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಳೆದ ವಾರ ಶಿಗ್ಗಾಂವದ ನಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನನ್ನ ಪುಸ್ತಕದೊಳಗಿಂದ ಒಂದು ಹಸಿರು ಪಟ್ಟಿ ಜಾರಿ ಕೆಳಗೆ ಬಿತ್ತು. ಅರ್ಧ ಗೇಣಿಗಿಂತ ತುಸು ಉದ್ದ, ಎರಡು ಬೆರಳು ಅಗಲ, ಒಂದು ಅಂಚಿಗೆ ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಸಾಲು. ಮುಂದಿನ ಬೆಂಚಿನ ವಿದ್ಯಾರ್ಥಿನಿ ಅದನ್ನು ಎತ್ತಿಕೊಟ್ಟು, “ಸರ್, ಇದು ಕಂಪ್ಯೂಟರಿನ ರ್‍ಯಾಮ್ ಅಲ್ರೀ? ಪುಸ್ತಕದಾಗ ಯಾಕ ಇಟ್ಟೀರಿ?” ಎಂದು ಕೇಳಿದಳು. “ಓದಿದ ಪುಟದ ಗುರುತಿಗೆ” ಎಂದೆ. ತರಗತಿ ನಕ್ಕಿತು. ನಾನು ಗಂಭೀರವಾಗಿ ಚಾಲುಕ್ಯರ ಕಡೆಗೆ ತಿರುಗಿದೆ. ಆದರೆ ಮನಸ್ಸು ಆ ದಿನ ಚಾಲುಕ್ಯರ ಬಳಿ ನಿಲ್ಲಲಿಲ್ಲ, ತಿಳವಳ್ಳಿಯ ನಮ್ಮ ಮನೆಯ ಪಡಸಾಲೆಗೆ ಹೋಗಿ ಕುಳಿತಿತು.

ಆ ಪಟ್ಟಿ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂರಬೇಕಾದದ್ದು. ಅದು ಹೆಚ್ಚಿದ್ದಷ್ಟೂ ಯಂತ್ರ ಚುರುಕಾಗಿ ಕೆಲಸ ಮಾಡುತ್ತದೆಯಂತೆ. ನನ್ನದು ಪುಸ್ತಕದ ಹೊಟ್ಟೆಯಲ್ಲಿ ಉಳಿದದ್ದಕ್ಕೆ ಕಾರಣ ನನ್ನ ಪಾಂಡಿತ್ಯ. ಅದನ್ನು ವಿವರಿಸಬೇಕಾದರೆ ಆ ಕಂಪ್ಯೂಟರು ನಮ್ಮ ಮನೆಗೆ ಬಂದ ಬಗೆಯಿಂದ ತೊಡಗಬೇಕು.

ನಮ್ಮ ಅಪ್ಪ ಬೇರೆಯವರ ಟ್ರ್ಯಾಕ್ಟರು ನಡೆಸುವವನು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಒಂದು ದಿನ ಊಟ ಮಾಡುತ್ತ, “ಈಗ ಎಲ್ಲಾದಕ್ಕೂ ಕಂಪ್ಯೂಟರ್ ಬೇಕಂತ” ಎಂದು ಸುಮ್ಮನೆ ಆಡಿದ್ದೆ. ಅಪ್ಪ ಅದನ್ನು ಪಠ್ಯಕ್ರಮದ ಒಂದು ವಿಷಯವೆಂದು ತಿಳಿದುಕೊಂಡ. ಹಾನಗಲ್ಲಿನಲ್ಲಿ ಒಂದು ಟೈಪಿಂಗ್ ಕ್ಲಾಸು ಮುಚ್ಚುತ್ತಿತ್ತು. ಮಾರುಕಟ್ಟೆಗೆ ಗೋವಿನಜೋಳ ಇಳಿಸಲು ಹೋದವನು ಮರಳಿ ಬರುವಾಗ ಖಾಲಿ ಚೀಲಗಳ ಮೇಲೆ ಕಂಪ್ಯೂಟರನ್ನು ಮಲಗಿಸಿಕೊಂಡು ಬಂದ. ಟ್ರ್ಯಾಕ್ಟರನ್ನು ಬೇರೆಯವನ ಕೈಗೆ ಕೊಟ್ಟು ತಾನು ಹಿಂದಿನ ಟ್ರೇಲರಿನಲ್ಲಿ ಕುಳಿತು, ಟಿ.ವಿ.ಯಂಥ ಆ ದಪ್ಪ ಪರದೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಕೂಗಿ ಕೇಳಿದರು.

“ಏ ಶಿವಪ್ಪಾ, ಟೀವಿ ತಂದೀಯೇನೋ?”

“ಟೀವಿ ಅಲ್ಲೋ, ಮಗನ ಡಿಗ್ರಿ ಸಾಮಾನು!”

ಇತಿಹಾಸದ ಪದವಿಗೆ ಸಾಮಾನು ಬೇಕಾಗುವುದಿಲ್ಲ ಎಂದು ಅಪ್ಪನಿಗೆ ಹೇಳುವ ಧೈರ್ಯ ನನಗೆ ಆಗ ಇರಲಿಲ್ಲ. ನಿಜ ಹೇಳುವುದಾದರೆ, ನನಗೂ ಖಚಿತವಿರಲಿಲ್ಲ.

ಇಲ್ಲಿ ನನ್ನ ಹೈಸ್ಕೂಲಿನ ಒಂದು ಮಾತು ಹೇಳಲೇಬೇಕು. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಎಂಬುದೊಂದಿತ್ತು. ಒಳಗೆ ಹೋಗುವ ಮೊದಲು ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆಯಬೇಕು, ಮಾತಾಡಬಾರದು. ಮಾಸ್ತರು ಹಾಜರಿ ಪುಸ್ತಕದ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕರೆದು, ತೀರ್ಥ ಕೊಟ್ಟಂತೆ, ಮೌಸನ್ನು ಒಂದು ಸಲ ಮುಟ್ಟಿಸುತ್ತಿದ್ದರು. ನನ್ನ ಸರದಿ ಬಂದಾಗ ಕರೆಂಟು ಹೋಯಿತು. ಮುಂದಿನ ಸರದಿ ಬರುವುದರೊಳಗೆ ವರ್ಷವೇ ಮುಗಿದಿತ್ತು. ಆ ಭಯಭಕ್ತಿ ಎಷ್ಟು ಒಳಗೆ ಇಳಿದಿತ್ತೆಂದರೆ, ಕಂಪ್ಯೂಟರು ನಮ್ಮದೇ ಪಡಸಾಲೆಗೆ ಬಂದ ದಿನ ನಾನು ಸ್ನಾನ ಮಾಡಿ ಬಂದು ಅದನ್ನು ಮುಟ್ಟಿದೆ. ನನ್ನ ಈ ನಡತೆಯನ್ನು ನೋಡುತ್ತಿದ್ದ ನಮ್ಮ ಅವ್ವ, ಇದು ಮನೆಯಲ್ಲಿ ಮಡಿಯಿಂದ ಇರಬೇಕಾದ ವಸ್ತು ಎಂದು ನಿರ್ಧರಿಸಿದ್ದರಲ್ಲಿ ಅವಳ ತಪ್ಪೇನೂ ಇಲ್ಲ. ಮರುದಿನವೇ ಅದರ ಹಣೆಗೆ, ಅಂದರೆ ಪೆಟ್ಟಿಗೆಯ ಗುಂಡಿಯ ಮೇಲೆ, ಮೂರು ಬೆರಳಿನ ವಿಭೂತಿ ಎಳೆದಿದ್ದಳು.

ಅವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಅಂಗಿ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಸುತ್ತಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತ ಹೋಗುತ್ತಾಳೆ. ತಿಳವಳ್ಳಿಯಲ್ಲಿ ಕೂಸು ಹುಟ್ಟಿದರೆ ಮೊದಲು ಸುದ್ದಿ ತಿಳಿಯುವವರಲ್ಲಿ ಅವಳೂ ಒಬ್ಬಳು. ಕೂಸಿನ ಕೌದಿಗೆಂದು ಹಳೆಯ ಬಟ್ಟೆಯ ಗಂಟು ಅವಳ ಮುಂದೆ ಬಂದು ಬೀಳುತ್ತದೆ. ಕೌದಿ ಮುಗಿಸುವಾಗ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಹೋಳಿಗೆಯದೋ ರೊಟ್ಟಿಯದೋ ಒಂದು ಚೂರು ಇಟ್ಟು ಹೊಲಿಯುವುದು ಅವಳ ಪದ್ಧತಿ. ಕೌದಿ ಹಸಿದಿರಬಾರದಂತೆ, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬಾರದಂತೆ.

ಕಂಪ್ಯೂಟರಿಗೆ ಧೂಳು ಕೂರಬಾರದೆಂದು ಅವ್ವ ಕೌದಿಯದೇ ಗವಸು ಹೊಲಿದಳು. ಪರದೆಗೊಂದು ಗವಸು, ಪೆಟ್ಟಿಗೆಗೊಂದು ಗವಸು, ಎರಡಕ್ಕೂ ಕೆಂಪು ಅಂಚು. ನೋಡಿದವರು ಹೊಗಳದೇ ಹೋಗುತ್ತಿರಲಿಲ್ಲ. ಪೆಟ್ಟಿಗೆಯ ಗವಸನ್ನು ಕೆಲಸ ನಡೆಯುವಾಗಲೂ ತೆಗೆಯುತ್ತಿರಲಿಲ್ಲ. ಗುಂಡಿ ಒತ್ತಲು ಒಂದು ಕಿಂಡಿ ಬಿಟ್ಟಿದ್ದಳು. ಯಂತ್ರಕ್ಕೆ ಉಸಿರಾಡಲು ಹಿಂದುಗಡೆ ಗಾಳಿ ಬೇಕೆಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಪದವೀಧರನಾದ ನನಗೂ.

ಒಂದು ಮಳೆಗಾಲ ಕಂಪ್ಯೂಟರಿನೊಳಗಿಂದ ಇರುವೆಗಳು ಹೊರಬರತೊಡಗಿದವು. ಹಿಂದಿನಿಂದ ಒಳಹೋಗಿ ಮುಂದಿನ ಕಿಂಡಿಯಿಂದ ಶಿಸ್ತಾಗಿ ಸಾಲುಗಟ್ಟಿ ಬರುತ್ತಿದ್ದವು. ನನ್ನ ತಂಗಿ ಕಸ್ತೂರಿ ಗವಸನ್ನು ಝಾಡಿಸಿ ನೋಡಿದಳು. ಮೂಲೆಯ ಹೊಲಿಗೆ ಸಡಿಲಾಗಿತ್ತು.

“ಅವ್ವಾ, ಇದರಾಗೂ ಹೋಳಿಗಿ ಇಟ್ಟೀಯೇನು?”

“ಮತ್ತ? ಕೌದಿ ಹೌದಿಲ್ಲೋ ಅದು?”

“ಕಂಪ್ಯೂಟರಿಗೆ ಹಸಿವು ಆಗಾಂಗಿಲ್ಲವ್ವಾ.”

“ಆಗಲಿಲ್ಲಂದ್ರ ಮುಂಜಾನೆಯಿಂದ ಗುರ್ ಗುರ್ ಅಂತ ಯಾಕ ಒದರತೈತಿ?”

ನಾನು ಶಿಗ್ಗಾಂವದಲ್ಲಿದ್ದೆ. ಅತಿಥಿ ಉಪನ್ಯಾಸಕನಾಗಿ ಅಲ್ಲಿಯೇ ಕೋಣೆ ಮಾಡಿಕೊಂಡಿದ್ದವನು ಶನಿವಾರ ಮಾತ್ರ ಊರಿಗೆ ಬರುತ್ತಿದ್ದೆ. ಫೋನಿನಲ್ಲಿ ಸುದ್ದಿ ಕೇಳಿ, “ಯಾರೂ ಒಳಗೆ ಕೈ ಹಾಕಬ್ಯಾಡ್ರಿ. ನಾನು ಬಂದು ನೋಡ್ತೇನಿ” ಎಂದು ಅಪ್ಪಣೆ ಮಾಡಿದೆ. ಕಸ್ತೂರಿ “ಹೂಂ ಅಣ್ಣಾ” ಎಂದಳು. ಶನಿವಾರ ಬಂದಾಗ ಇರುವೆಗಳಿರಲಿಲ್ಲ. ನನ್ನ ಮಾತಿಗೆ ಹೆದರಿ ಹೋಗಿರಬೇಕು ಎಂಬಂತೆ ನಾನೂ ಆ ವಿಷಯ ಎತ್ತಲಿಲ್ಲ.

ಕಸ್ತೂರಿಯ ವಿಷಯ ಹೇಳುವಾಗ ನನ್ನ ವಾಕ್ಯಗಳು ಸ್ವಲ್ಪ ತೊದಲಿದರೆ ಕ್ಷಮಿಸಬೇಕು. ಅವಳು ಪಿ.ಯು.ಸಿ.ಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ ವರ್ಷ ನಾನು ಎಂ.ಎ.ಗೆ ಸೇರಿದ್ದೆ. ಇಬ್ಬರನ್ನೂ ಒಟ್ಟಿಗೆ ಓದಿಸಲಾಗದು, ಅಣ್ಣನದು ಮುಗಿಯಲಿ, ಆಮೇಲೆ ನಿನ್ನದು ಎಂದು ಅಪ್ಪ ಹೇಳಿದ. ಅಣ್ಣನದು ಮುಗಿಯಲಿಲ್ಲ. ಎಂ.ಎ. ಆದ ಮೇಲೆ ಬಿ.ಎಡ್., ಅದರ ಮೇಲೆ ಒಂದಲ್ಲ ಒಂದು ಪರೀಕ್ಷೆ. ಅಷ್ಟರಲ್ಲಿ ಡಿಗ್ರಿ ಸಾಮಾನು ತಾನಾಗಿಯೇ ಅವಳ ಕೈಗೆ ಹೋಗಿತ್ತು. ಊರಿನವರ ಅರ್ಜಿ, ವಧೂವರರ ವಿವರ, ಲಗ್ನಪತ್ರಿಕೆಯ ಒಕ್ಕಣೆ, ಹಕ್ಕುಪತ್ರದ ಮನವಿ, ಎಲ್ಲವನ್ನೂ ಅವಳು ಟೈಪು ಮಾಡಿಕೊಡುತ್ತಿದ್ದಳು. ಕೀಬೋರ್ಡಿನ ಮೇಲಿನ ಅಕ್ಷರಗಳು ಸವೆದು ಗುಂಡಿಗಳೆಲ್ಲ ಬೋಳಾಗಿದ್ದವು. ನಾನು ಕುಳಿತರೆ ಒಂದು ಅಕ್ಷರವೂ ಸಿಗುತ್ತಿರಲಿಲ್ಲ. ಅವಳು ಕುಳಿತರೆ ಹಿತ್ತಲಿನತ್ತ ನೋಡುತ್ತಲೇ ಒಂದು ಪುಟ ಮುಗಿಸುತ್ತಿದ್ದಳು.

ಕಂಪ್ಯೂಟರಿನ ನಿಧಾನಕ್ಕೂ ಊರು ಹೊಂದಿಕೊಂಡಿತ್ತು. ಬೆಳಿಗ್ಗೆ ಎದ್ದ ಕೂಡಲೇ ಕಸ್ತೂರಿ ಗುಂಡಿ ಒತ್ತುತ್ತಿದ್ದಳು. ಅಂಗಳ ಗುಡಿಸಿ, ನೀರು ತುಂಬಿ, ಒಲೆ ಹೊತ್ತಿಸಿ ಬರುವ ಹೊತ್ತಿಗೆ ಪರದೆಯ ಮೇಲೆ ಚಿತ್ರ ಮೂಡುತ್ತಿತ್ತು. ಬರುವವರಿಗೂ ಇದು ಗೊತ್ತಿತ್ತು. “ಕಸ್ತೂರವ್ವಾ, ಚಾಲೂ ಮಾಡಿ ಇಡು, ದನಕ್ಕ ನೀರು ಕುಡಿಸಿ ಬರ್ತೇನಿ” ಎಂದು ಹೇಳಿ ಹೋಗುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ ನಾನು ಮನೆಗೆ ಬಂದಾಗ ಅವಳ ಕೈಯಲ್ಲಿ ಒಂದು ಕಾಗದವಿತ್ತು. ಹಾನಗಲ್ಲಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರ ಒಂದು ಹುದ್ದೆ ಖಾಲಿಯಿತ್ತು. ಪಿ.ಯು.ಸಿ. ಸಾಕು, ಕನ್ನಡ ಟೈಪಿಂಗ್ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಕೆಲಸ. ಪರೀಕ್ಷೆಗೆ ಸರಿಯಾಗಿ ಹದಿನೈದು ದಿನವಿತ್ತು. ವಯಸ್ಸಿನ ಮಿತಿ ಅವಳಿಗೆ ಆ ವರ್ಷವೇ ಮುಗಿಯುತ್ತಿತ್ತು. ಮುಂದಿನ ಸಲ ಅರ್ಜಿ ಹಾಕುವಂತೆಯೂ ಇರಲಿಲ್ಲ. ಕಂಪ್ಯೂಟರು ಅದೇ ವಾರ ಹಟಕ್ಕೆ ಬಿದ್ದಿತ್ತು. ಹತ್ತು ನಿಮಿಷ ಟೈಪು ಮಾಡುವುದರೊಳಗೆ ತಾನೇ ಆರಿಹೋಗುತ್ತಿತ್ತು. ಒಂದು ಅಕ್ಷರ ಒತ್ತಿದರೆ ಆಕಳಿಸಿ ಆಮೇಲೆ ಮೂಡಿಸುತ್ತಿತ್ತು.

ಹಳೆಯದಕ್ಕೇ ಹೊಸ ಭಾಗ ಹಾಕಿಸುವುದೋ, ಹೊಸದನ್ನೇ ಕೊಳ್ಳುವುದೋ? ಅಪ್ಪ ಎಂದಿನಂತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. “ಅಣ್ಣ ಬಂದಾನಲ್ಲ. ಓದಿದಾವ ಅದಾನ, ಅವ ಹೇಳಿದಂಗ ಮಾಡೂಣು.”

ಓದಿದವನು ಎಂಬ ಮಾತು ಕೇಳಿದಾಗ ನನ್ನ ಬೆನ್ನು ನೆಟ್ಟಗಾಗುತ್ತದೆ. “ಸಾಧಕ ಬಾಧಕ ವಿಚಾರ ಮಾಡಿ ಹೇಳ್ತೇನಿ” ಎಂದೆ.

ವಿಚಾರ ಮಾಡಲು ಮರುದಿನ ಹಿರೇಕೆರೂರಿಗೆ ಹೋದೆ. ಅಲ್ಲಿ ನನ್ನ ಸೋದರಮಾವ ಇದ್ದಾನೆ. ಯಂತ್ರಗಳ ವಿಷಯದಲ್ಲಿ ಅವನ ಮಾತಿಗೆ ನಮ್ಮ ಮನೆಯಲ್ಲಿ ತೂಕವಿತ್ತು, ಏಕೆಂದರೆ ಅವನ ಹೊಲದ ನೀರೆತ್ತುವ ಇಂಜಿನು ನನಗಿಂತ ಹಿರಿಯದು.

“ಬರ್ರಿ ಬರ್ರಿ, ಪ್ರೊಫೆಸರ್ರ! ನಮ್ಮಂಥ ಹೆಬ್ಬಟ್ಟಿನವರ ಮನಿ ನೆನಪಾತಲ್ಲ!” ಎಂದು ಸ್ವಾಗತಿಸಿದ ಮಾವ, ವಿಷಯ ಕೇಳಿ ತೊಡೆ ತಟ್ಟಿದ. “ಹೊಸಾದ್ಯಾಕ? ನನ್ನ ಇಂಜಿನ್ ನೋಡು. ಪಿಸ್ಟನ್ ಬದಲಿ ಮಾಡಿಸ್ದೆ, ಪಂಪ್ ಬದಲಿ ಮಾಡಿಸ್ದೆ, ಚಕ್ರಾ ಬದಲಿ ಮಾಡಿಸ್ದೆ. ಇಂಜಿನ್ ಅದs ಐತಿ!”

ಒಳಗಿಂದ ಅತ್ತೆಯ ದನಿ ಬಂತು. “ಅದs ಐತಂತ! ಹೆಸರೊಂದು ಉಳದೈತಿ, ಮಿಕ್ಕಿದ್ದೆಲ್ಲಾ ಹೊಸಾದು. ಅದನ್ನ ತಿರುವಿ ತಿರುವಿ ನಿಮ್ಮ ಮಾವನ ಎಡಗೈ ಮ್ಯಾಲೆ ಏಳವಲ್ದು. ಅದನ್ನೂ ಬದಲಿ ಮಾಡಿಸಾಕ ಹೇಳು!”

ಮಾವ ನನ್ನತ್ತ ಬಾಗಿ, “ಹೆಂಗಸರಿಗೆ ಮಶೀನ್ ತಿಳ್ಯಾಂಗಿಲ್ಲ” ಎಂದು ಪಿಸುಗುಟ್ಟಿದ. ನಾನು ತಲೆಯಾಡಿಸಿದೆ. ಆ ತಲೆಯಾಡಿಸುವಿಕೆಗಾಗಿ ಇಂದು ನಾಚುತ್ತೇನೆ.

ಸೋಮವಾರ ಕಾಲೇಜಿನಲ್ಲಿ ವಾಣಿಜ್ಯ ಹೇಳುವ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಹಳೆಯ ಕಂಪ್ಯೂಟರಿಗೆ ಖರ್ಚು ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಕಣ್ಣು ಮುಚ್ಚಿ ಹೊಸದು ತೆಗೆದುಕೊಳ್ಳಿ ಎಂದರು. ಈಗ ನನ್ನ ಬಳಿ ಎರಡು ಅಭಿಪ್ರಾಯಗಳಿದ್ದವು, ಎರಡೂ ಖಚಿತವಾಗಿದ್ದವು. ನಾನು ಒಂದು ಬಿಳಿಯ ಹಾಳೆ ತೆಗೆದು ನಡುವೆ ಗೆರೆ ಎಳೆದು, ಒಂದು ಬದಿಗೆ ಹಳೆಯದರ ಪರವಾಗಿ ಏಳು ಕಾರಣ, ಇನ್ನೊಂದು ಬದಿಗೆ ಹೊಸದರ ಪರವಾಗಿ ಏಳು ಕಾರಣ ಬರೆದೆ. ರಾತ್ರಿ ಹೊಸದರ ಕಡೆಗೆ ಎಂಟನೆಯದೊಂದು ಹೊಳೆಯಿತು. ಬೆಳಿಗ್ಗೆ ಎದ್ದು, ಪಕ್ಷಪಾತವಾಗಬಾರದೆಂದು, ಹಳೆಯದಕ್ಕೂ ಎಂಟನೆಯದನ್ನು ಹುಡುಕಿ ಸೇರಿಸಿದೆ.

ಬುಧವಾರ ಕಸ್ತೂರಿ ಫೋನು ಮಾಡಿದಳು.

“ಅಣ್ಣಾ, ಏನು ವಿಚಾರ ಮಾಡಿದಿ?”

“ಮಾಡಾಕತ್ತೇನಿ. ಗಡಿಬಿಡಿ ಮಾಡಿದ್ರ ಕೆಲಸ ಕೆಡತೈತಿ.”

“ಹಂಗಲ್ಲ, ಇಲ್ಲೆ ಚಾಲೂನ ಆಗವಲ್ದು. ಬಂದ್ ಇದ್ದ ಕೀಬೋರ್ಡ್ ಮ್ಯಾಲೆ ಬಡ್ಯಾಕತ್ತೇನಿ. ಅವ್ವ ಗಡಿಯಾರ ಹಿಡಕೊಂಡು ಕುಂತಾಳ.”

“ಬೆರಳಿಗೆ ರೂಢಿಯಾದ್ರೂ ಆಗತೈತಲ್ಲ” ಎಂದೆ. “ಹೂಂ ಅಣ್ಣಾ” ಎಂದು ಇಟ್ಟಳು.

ಆ ‘ಹೂಂ’ ನನ್ನನ್ನು ಕುಕ್ಕಿತು. ಶನಿವಾರ ಬೆಳಗಿನ ಪಾಠ ಮುಗಿಸಿ, ಹಳೆಯದಕ್ಕೇ ರ್‍ಯಾಮ್ ಹಾಕುವುದೆಂದು ಗಟ್ಟಿ ಮನಸ್ಸು ಮಾಡಿ, ಸವಣೂರಿನ ಬಸ್ಸು ಹತ್ತಿದೆ. ಊರಿಗೆ ಹೋಗುವ ದಾರಿಯಲ್ಲಿಯೇ ಹಾನಗಲ್ಲು ಇರುವಾಗ ವಿರುದ್ಧ ದಿಕ್ಕಿನ ಸವಣೂರು ಏಕೆ ಎಂದು ತಾವು ಕೇಳಬಹುದು. ಹಾನಗಲ್ಲಿನಲ್ಲಿ ಕಂಪ್ಯೂಟರ್ ರಿಪೇರಿಯ ಖಾದರಸಾಬರು ನನ್ನನ್ನು ಕಂಡರೆ “ಸರ್ರ” ಎಂದು ಎದ್ದು ನಿಲ್ಲುತ್ತಾರೆ. ಎದ್ದು ನಿಂತವರ ಮುಂದೆ ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ? ಸವಣೂರಿನಲ್ಲಿ ನನ್ನನ್ನು ಬಲ್ಲವರಿರಲಿಲ್ಲ.

ಅಂಗಡಿಯವರು ಕೇಳಿದರು: “ಯಾವ ಮಾಡೆಲ್ ರಿ ನಿಮ್ದು?”

ಅದನ್ನು ನಾನು ನೋಡಿರಲಿಲ್ಲ. ಆದರೆ ಇತಿಹಾಸದ ಮನುಷ್ಯ ಇಸವಿ ಮರೆಯುವುದಿಲ್ಲ. ನನ್ನ ಬಿ.ಎ. ಕೊನೆಯ ವರ್ಷದ ಇಸವಿಯನ್ನು ಸ್ಪಷ್ಟವಾಗಿ ಹೇಳಿದೆ.

“ಆ ವರ್ಷದ್ದಾದ್ರ ಇದು ಕೂಡತೈತ್ರಿ. ಆದ್ರೂ ಹಳೇದು ಬಿಚ್ಚಿ ತಂದು ತೋರಿಸಿದ್ರ ಚಲೋ ಇತ್ತು.”

“ಬೇಡ, ನನಗೆ ಗೊತ್ತಿದೆ” ಎಂದು ಪುಸ್ತಕದ ಕನ್ನಡದಲ್ಲಿ ಹೇಳಿ, ಹಸಿರು ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಶಸ್ತ್ರಚಿಕಿತ್ಸೆಗೆ ಎಲ್ಲರೂ ಸೇರಿದರು. ಅವ್ವ ಗವಸನ್ನು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಅಪ್ಪ ಟಾರ್ಚು ಹಿಡಿದ. ಪೆಟ್ಟಿಗೆಗೆ ನಾಲ್ಕು ತಿರುಪು ಇರಬೇಕಾದಲ್ಲಿ ಒಂದೇ ಇದ್ದದ್ದನ್ನು ನಾನು ಗಮನಿಸಿದೆ, ಕಾರಣ ಯೋಚಿಸಲಿಲ್ಲ. ಒಳಗಿನ ಹಳೆಯ ಪಟ್ಟಿಯನ್ನು ಕಿತ್ತು, ಹೊಸದನ್ನು ಆ ಸಂದಿಯಲ್ಲಿಟ್ಟು ಒತ್ತಿದೆ. ಇಳಿಯಲಿಲ್ಲ. ತಿರುಗಿಸಿ ಒತ್ತಿದೆ. ಎರಡೂ ಹೆಬ್ಬೆರಳಿನಿಂದ ಒತ್ತಿದೆ.

“ಅಣ್ಣಾ, ಒತ್ತಬ್ಯಾಡ.”

“ಕೂಡತೈತಿ. ಸ್ವಲ್ಪ ಬಿಗಿ ಐತಿ.”

“ಕೂಡಾಂಗಿಲ್ಲ ಅಣ್ಣಾ. ಕಚ್ಚು ಬ್ಯಾರೆ ಐತಿ ನೋಡಿಲ್ಲೆ.” ಕಸ್ತೂರಿ ಎರಡೂ ಪಟ್ಟಿಗಳನ್ನು ಜೋಡಿಸಿ ಹಿಡಿದಳು. ಹಲ್ಲಿನ ಸಾಲಿನ ನಡುವಿನ ಕಚ್ಚು ಒಂದರಲ್ಲಿ ಒಂದು ಕಡೆ ಇತ್ತು, ಇನ್ನೊಂದರಲ್ಲಿ ತುಸು ಆಚೆ. “ಅಪ್ಪ ತಂದಾಗs ಇದು ಟೈಪಿಂಗ್ ಕ್ಲಾಸಿನ್ಯಾಗ ಐದಾರು ವರ್ಷ ಸವದಿತ್ತು. ನೀ ತಂದಿದ್ದು ಇದರ ತಮ್ಮನ ಕಾಲದ್ದು.”

ಒಂದು ಗುಡಿಯ ಕಾಲವನ್ನು ನಿರ್ಣಯಿಸುವಾಗ ಅದರ ಕಂಬ ನೋಡಿ, ಶಾಸನ ನೋಡಿ, ಕಲ್ಲು ನೋಡಿ, ಯಾರೋ ಹೇಳಿದ ಇಸವಿಯನ್ನು ನಂಬಬೇಡಿ ಎಂದು ನಾನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಈ ಪೆಟ್ಟಿಗೆಯನ್ನು ತೆರೆಯದೆಯೇ, ಅದು ನಮ್ಮ ಮನೆಗೆ ಬಂದ ದಿನವನ್ನೇ ಅದು ಹುಟ್ಟಿದ ದಿನವೆಂದು ನಿರ್ಣಯಿಸಿದ್ದೆ.

“ನಿನಗ ಹೆಂಗ ಗೊತ್ತು?” ಎಂದು ಕೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಇರುವಿ ಬಂದಾಗ ಬಿಚ್ಚಿದ್ದೆನಲ್ಲ. ಬಣ್ಣಾ ಹಚ್ಚೂ ಕುಂಚದಲೆ ಝಾಡಿಸಿ ತೆಗೆದೆ. ಆಮ್ಯಾಲೆ ಎರಡು ಸಲ ಬಿಚ್ಚೇನಿ. ತಿರುಪು ಅವಾಗs ಕಳದಾವು.”

ಅವ್ವ ತೊಡೆಯ ಮೇಲಿನ ಗವಸಿನ ಸಡಿಲ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ಹೇಳಿದಳು. “ಕೌದಿಗೆ ಹಳೇ ಅರಿಬಿ ಬೇಕು, ಖರೆ. ಹೊಸಾದ್ರಾಗ ಹೊಲದ್ರ ಮೈಗೆ ಚುಚ್ಚತೈತಿ. ಆದ್ರ ಸೂಜಿ ತುಕ್ಕು ಹಿಡದದ್ದು ನಡ್ಯಾಂಗಿಲ್ಲ. ಈ ಡಬ್ಬಿ ಅರಿಬಿಯೋ ಸೂಜಿಯೋ ಅನ್ನೂದು ಹೊಲಿಯಾಕಿಗೆ ಗೊತ್ತಿರತೈತಿ. ಊರೆಲ್ಲಾ ಕೇಳಿ ಬಂದಿ, ಇಕೀನ್ನ ಒಂದು ಮಾತು ಕೇಳಿದ್ಯಾ?”

ಕೇಳಿರಲಿಲ್ಲ. ಹದಿನಾರು ಕಾರಣಗಳ ನನ್ನ ಹಾಳೆಯಲ್ಲಿ ಕಸ್ತೂರಿಯ ಹೆಸರೇ ಇರಲಿಲ್ಲ.

ಆಗ ಕೇಳಿದೆ. ಅವಳು ಒಂದು ಕ್ಷಣವೂ ತಡೆಯದೆ ಹೇಳಿದಳು. “ಹೊಸಾದು ಬೇಕು. ಪರೀಕ್ಷಾದಾಗ ಇಂಥ ಬೋಳು ಗುಂಡಿ ಇರಾಂಗಿಲ್ಲ. ಅಲ್ಲಿಯವು ಮೆತ್ತನ್ನ ಗುಂಡಿ, ಹಗುರಕ ಮುಟ್ಟಿದ್ರ ಸಾಕು. ನನಗ ಇದರ ಮ್ಯಾಲೆ ಕುಟ್ಟಿ ಕುಟ್ಟಿ ರೂಢಿಯಾಗೇತಿ. ಅಲ್ಲಿ ಕುಟ್ಟಿದ್ರ ಒಂದು ಅಕ್ಷರ ಎರಡು ಸಲ ಬೀಳತೈತಿ. ರ್‍ಯಾಮ್ ಹಾಕಿದ್ರೂ ಇದು ಇನ್ನೊಂದು ವರ್ಷ ತಡದೀತು ಅಣ್ಣಾ. ಆದ್ರ ನನಗ ಒಂದು ವರ್ಷ ಎಲ್ಲೈತಿ?”

“ಮತ್ತ ನನ್ನ ಮುಂದ ಯಾಕ ಹೇಳಲಿಲ್ಲವಾ?” ಎಂದ ಅಪ್ಪ, ಟಾರ್ಚು ಹಿಡಿದೇ.

“ಹೇಳಿದ್ದೆ ಅಪ್ಪಾ. ಅಣ್ಣ ಬರಲಿ ಅಂದಿ.”

ಅಪ್ಪ ಟಾರ್ಚು ಆರಿಸಿದ. ಸ್ವಲ್ಪ ಹೊತ್ತು ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. “ನಾಳೆ ಇಬ್ಬರೂ ಹೋಗ್ರಿ. ಆಕಿ ತೋರಿಸಿದ್ದು ತಗೊಂಡು ಬಾ” ಎಂದು ನನಗೆ ಹೇಳಿದ. ತೋರಿಸುವವಳು ಅವಳು, ಹೊತ್ತು ತರುವವನು ನಾನು ಎಂಬ ವಿಭಾಗ ಆ ವಾಕ್ಯದಲ್ಲಿಯೇ ಇತ್ತು.

ಹಾನಗಲ್ಲಿನಲ್ಲಿ ಖಾದರಸಾಬರು ಎದ್ದು ನಿಂತರು. ನಾನು ಎಂದಿನಂತೆ ಕೈಮುಗಿಯಲು ಹೋದೆ. ಅವರು ನನ್ನನ್ನು ದಾಟಿ ಹಿಂದೆ ನೋಡಿ, “ಬರ್ರಿ ಅಕ್ಕಾರ, ಕುಂದರ್ರಿ! ಕಂಪ್ಯೂಟರಿನ ಪಂಖಾ ಬರೋಬರಿ ತಿರಗಾಕತ್ತೈತೇನ್ರಿ? ಆ ಮಶೀನ್ ಜಾಸ್ತಿ ದಿನಾ ಬಾಳಾಂಗಿಲ್ಲಂತ ಅವತ್ತs ಹೇಳಿದ್ದೆ” ಎಂದರು. ಆಮೇಲೆ ನನ್ನತ್ತ ತಿರುಗಿದರು. “ಸರ್ರ, ಆರು ತಿಂಗಳ ಹಿಂದ ಅಕ್ಕಾರು ಚೀಟಿ ಬರಕೊಂಡು ಬಂದಿದ್ರು. ಹೊಸಾದು ತಗೊಂಡ್ರ ಯಾವುದು ಬೇಕು, ಯಾವುದು ಬ್ಯಾಡ, ಎಲ್ಲಾ ಕೇಳ್ಕೊಂಡು ಹೋದ್ರು. ಪಂಖಾ ತಾವs ಕೂಡಿಸ್ಕೊಂಡ್ರು. ನಮ್ಮ ಅಂಗಡ್ಯಾಗ ಒಂದು ಕುರ್ಚಿ ಹಾಕಿ ಕೊಡ್ತೇನಿ ಬರ್ರಿ ಅಂತ ಚಾಷ್ಟಿ ಮಾಡಿದ್ದೆ.”

ಕಸ್ತೂರಿ ಪರ್ಸಿನಿಂದ ಆ ಚೀಟಿಯನ್ನು ತೆಗೆದಳು. ಮಡಿಕೆಗಳಲ್ಲಿ ಸವೆದು ನಾಲ್ಕು ತುಂಡಾಗುವ ಹಾಗಿತ್ತು. ಆರು ತಿಂಗಳು ಅದು ಅವಳ ಪರ್ಸಿನಲ್ಲಿ, ಅಣ್ಣ ಬಂದು ಕೇಳಲಿ ಎಂದು ಕಾದಿತ್ತು.

ಅವಳು ತೋರಿಸಿದ ಹೊಸದನ್ನು ಅಂದೇ ಹೊತ್ತು ತಂದೆ. ಆದರೆ ಹದಿನೈದು ದಿನಗಳಲ್ಲಿ ಒಂಬತ್ತನ್ನು ನಾನು ಮುಗಿಸಿದ್ದೆ. ಅವಳಿಗೆ ಉಳಿದದ್ದು ಆರು. ನಾನು ಎರಡು ದಿನ ರಜೆ ಹಾಕಿ, ನನ್ನ ಪಾಠದ ಟಿಪ್ಪಣಿಗಳನ್ನು ಓದಿ ಹೇಳಿದೆ. ಅವಳು ಟೈಪು ಮಾಡಿದಳು. ಹೊಸ ಗುಂಡಿಗಳ ಮೇಲೆ ಮೊದಲ ದಿನ ಪ್ರತಿ ಅಕ್ಷರವೂ ಅವಳಿಜವಳಿಯಾಗಿ ಬಿತ್ತು. ಎರಡನೆಯ ದಿನ ಕೈ ಹಗುರಾಯಿತು. ನಡುವೆ ಒಮ್ಮೆ ನಿಲ್ಲಿಸಿ, “ಅಣ್ಣಾ, ನಿನ್ನ ವಾಕ್ಯ ಮುಗಿಯಾಂಗs ಇಲ್ಲ. ಕ್ರಿಯಾಪದ ಬರೂದ್ರಾಗ ಕರ್ತೃ ಯಾರಂತ ಮರತs ಹೋಗತೈತಿ” ಎಂದಳು. ಅವ್ವ ನಕ್ಕಳು. ಯಾಕೆ ನಕ್ಕಳೆಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ಪರೀಕ್ಷೆಯ ದಿನ ನಾನು ಹಾನಗಲ್ಲಿನ ಆ ಕಟ್ಟಡದ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದೆ. ನನ್ನ ಯಾವ ಪರೀಕ್ಷೆಗೂ ಅಷ್ಟು ಬೆವತಿರಲಿಲ್ಲ. ಹೊರಗೆ ಬಂದವಳನ್ನು “ಹೆಂಗಾತು?” ಎಂದು ಕೇಳಿದರೆ, “ಒಂದು ಪ್ಯಾರಾ ಉಳೀತು” ಎಂದಳು. ಬಸ್ಸಿನಲ್ಲಿ ಅವಳ ಬೆರಳುಗಳು ಚೀಲದ ಮೇಲೆ ತಮ್ಮಷ್ಟಕ್ಕೆ ಆಡುತ್ತಿದ್ದವು, ಉಳಿದ ಆ ಪ್ಯಾರಾ ಮುಗಿಸುತ್ತಿದ್ದಂತೆ.

ಅವಳು ಎರಡನೆಯವಳಾಗಿ ಬಂದಳು. ಹುದ್ದೆ ಒಂದೇ ಇತ್ತು. ಮೊದಲು ಬಂದವರಿಗೂ ಇವಳಿಗೂ ಇದ್ದ ಅಂತರ ಆ ಒಂದು ಪ್ಯಾರಾದಷ್ಟೇ ಎಂದು ಪಟ್ಟಿ ನೋಡಿದಾಗ ತಿಳಿಯಿತು. ಆ ಪ್ಯಾರಾ ಎಲ್ಲಿ ಕಳೆದುಹೋಯಿತೆಂದು ಮನೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಅವ್ವ ಎಂದಿನಂತೆ ರೊಟ್ಟಿ ಬಡಿದಳು. ಕಸ್ತೂರಿ ಎಂದಿನಂತೆ ಊರಿನವರ ಅರ್ಜಿ ಟೈಪು ಮಾಡಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಒಂದು ಶನಿವಾರ ನಾನೇ ಅವಳ ಹತ್ತಿರ ಕುಳಿತು, “ತಪ್ಪು ನಂದು” ಎಂದೆ. ಜೀವನದಲ್ಲಿ ಬಹುಶಃ ಮೊದಲ ಸಲ ಒಂದು ವಾಕ್ಯವನ್ನು ಎರಡನೆಯ ಸಲ ಓದದೆ ಹೇಳಿದ್ದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, “ಗೊತ್ತೈತಿ ಅಣ್ಣಾ. ಚಾ ಕುಡೀತೀಯೇನು?” ಎಂದಳು.

ಎರಡು ತಿಂಗಳ ಮೇಲೆ, ಮೊದಲು ಬಂದವರಿಗೆ ಬೇರೆಡೆ ಕೆಲಸ ಸಿಕ್ಕಿ ಅವರು ಬಿಟ್ಟುಹೋದರು. ಸಂಘದವರು ಕಸ್ತೂರಿಯನ್ನು ಕರೆದರು.

ಅದಾದ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆ ಇಷ್ಟು. ಕಸ್ತೂರಿ ಬೆಳಗಿನ ಬಸ್ಸಿಗೆ ಹಾನಗಲ್ಲಿಗೆ ಹೋಗಿ ಸಂಜೆ ಬರುತ್ತಾಳೆ. ಊರಿನವರ ಅರ್ಜಿಗಳು ಈಗ ಭಾನುವಾರ ಮಾತ್ರ. ಮನೆಯಿಂದಲೇ ಓದುವ ಬಿ.ಕಾಂ.ಗೆ ಅವಳು ಹೆಸರು ಹಚ್ಚಿದ್ದಾಳೆ. ಅರ್ಜಿಯನ್ನು ತಾನೇ ತುಂಬಿದಳು, ನನಗೆ ಆಮೇಲೆ ತಿಳಿಸಿದಳು. ಮೊದಲೆಲ್ಲ ಮನೆಗೆ ಬಂದ ಕಾಗದಗಳು, ಕರೆಂಟಿನದಾಗಲಿ, ವಿಮೆಯದಾಗಲಿ, ಪಂಚಾಯಿತಿಯದಾಗಲಿ, ಬಿಚ್ಚದೆ ಶನಿವಾರದವರೆಗೆ ಗೋಡೆಯ ಗೂಡಿನಲ್ಲಿ, ಅಂದರೆ ಮಾಡದಲ್ಲಿ, ನನಗಾಗಿ ಕಾಯುತ್ತಿದ್ದವು. ನಾನು ಕಾಲು ತೊಳೆದು ಬಂದ ಕೂಡಲೇ ಅಪ್ಪ ಅವನ್ನು ತಂದು ನನ್ನ ಮುಂದೆ ಇಡುತ್ತಿದ್ದ. ಈಗ ಕಸ್ತೂರಿ ಅವನ್ನು ಬಂದ ದಿನವೇ ತೆರೆಯುತ್ತಾಳೆ, ಉತ್ತರವೂ ಹೋಗಿರುತ್ತದೆ. ಮೊನ್ನೆ ಶನಿವಾರ ಹೋದಾಗ ಮಾಡ ಖಾಲಿಯಿತ್ತು. ಅಪ್ಪ ತಟ್ಟೆ ಹಾಕಿಸಿ, “ಬಾ, ಉಣ್ಣು” ಎಂದ.